ಮಾತು ತಿದ್ದಿಕೊಳ್ಳುವ ಹೊಣೆ ಒಬ್ಬರದೇ ಏಕೆ?

ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಜೇಜುರಿಗೂ ಕನ್ನಡ ನಾಡಿಗೂ ಹಳೆಯ ನಂಟು. ಮರಾಠಿಗರು ಖಂಡೋಬಾ ಎಂದು ಕರೆಯುವ ದೇವರು ನಮ್ಮಲ್ಲಿ ಮೈಲಾರಲಿಂಗ, ಮಲ್ಲಯ್ಯ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಮನೆತನಗಳಿಗೆ ಅವನೇ ಮನೆದೇವರು. ಬೆಳಗಾವಿಯಿಂದ ಮಿರಜ್ ದಾಟಿ ಪುಣೆಗೆ ಹೋಗುವ ರೈಲು ದಾರಿಯಲ್ಲೇ ಜೇಜುರಿ ನಿಲ್ದಾಣವಿದೆ. ಮದುವೆ ಮುಗಿದ ಮೇಲೆ ಮದುಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಪದ್ಧತಿ. ಮದುಮಗ ಮದುಮಗಳನ್ನು ಎತ್ತಿಕೊಂಡು ಕೆಲವು ಮೆಟ್ಟಿಲು ಹತ್ತುತ್ತಾನೆ, ನೆಂಟರೆಲ್ಲ ಸುತ್ತ ನಿಂತು ಹುರಿದುಂಬಿಸುತ್ತಾರೆ. ಸೋಮವತಿ ಅಮಾವಾಸ್ಯೆಯಂದು ಪಲ್ಲಕ್ಕಿ ಗುಡ್ಡ ಇಳಿದು ಕರ್ಹಾ ನದಿಗೆ ಹೊರಟಾಗ ಕಾಲಿಡಲು ಜಾಗವಿರುವುದಿಲ್ಲ. ಭಂಡಾರದ ಅರಿಸಿನ ಹಾರಿ ಮೆಟ್ಟಿಲು, ಗೋಡೆ, ಮುಖ, ಬಟ್ಟೆ ಎಲ್ಲವೂ ಹಳದಿಯಾಗುತ್ತವೆ.

ಇಂಥ ಯಾತ್ರೆಗೆ ಆಟಿಸಂ ಇರುವ, ಕೆಲಸಕ್ಕೆ ಹೋಗುವ ವಯಸ್ಸಿನ ಯುವತಿಯೊಬ್ಬಳು ಮನೆಯವರ ಜೊತೆ ಹೊರಟಿದ್ದಾಳೆ ಎಂದುಕೊಳ್ಳಿ. ದೇವರ ಮೇಲೆ ಅವಳಿಗೆ ಭಕ್ತಿಯಿದೆ. ಆದರೆ ಡೋಲು, ಗಂಟೆ, ಜಯಘೋಷ ಒಟ್ಟಿಗೇ ಕಿವಿಗೆ ಬಿದ್ದಾಗ ಪಕ್ಕದವರು ಆಡಿದ ಮಾತನ್ನು ಬೇರ್ಪಡಿಸಿ ಕೇಳಿಸಿಕೊಳ್ಳಲು ಅವಳಿಂದ ಆಗುವುದಿಲ್ಲ. ಕೆನ್ನೆಗೆ ಅಂಟಿದ ಪುಡಿ ಉರಿಯಂತೆ ಕಾಡುತ್ತದೆ. ಸರಿಯಾಗಿ ಆ ಹೊತ್ತಿಗೇ ಸೋದರತ್ತೆ ಕೇಳುತ್ತಾರೆ: ‘ಏನವಾ, ಲಗ್ನ ಯಾವಾಗ?’ ಅವಳ ಉತ್ತರ ಮೊದಲೇ ಸಿದ್ಧವಾಗಿದೆ. ‘ಆದ್ರ ನಿಮಗ ಮೊದ್ಲ ಹೇಳ್ತೀನ್ರಿ ಅತ್ತಿ. ನಿಮ್ಮ ಮೊಣಕಾಲ ನೋವು ಈಗ ಹ್ಯಾಂಗದ?’ ಈ ಎರಡು ವಾಕ್ಯವನ್ನು ಅವಳು ವಾರದ ಹಿಂದೆಯೇ ನೋಟ್‌ಬುಕ್ಕಿನಲ್ಲಿ ಬರೆದು, ಕನ್ನಡಿಯ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದಾಳೆ. ಅತ್ತೆಗೆ ಇದು ಗೊತ್ತಿಲ್ಲ. ‘ಹುಡುಗಿ ಈಗೀಗ ಚಲೋ ಮಾತಾಡ್ತಾಳ’ ಎಂದು ಅವರು ಖುಷಿಪಡುತ್ತಾರೆ.

ಇದು ಊಹಿಸಿಕೊಂಡ ಸನ್ನಿವೇಶ. ಆದರೆ ಇಂಥ ತಯಾರಿ ಆಟಿಸಂ ಇರುವ ಲಕ್ಷಾಂತರ ವಯಸ್ಕರ ನಿತ್ಯದ ಕೆಲಸ. ತಮ್ಮ ಮಾತು, ಮುಖಭಾವ, ದನಿ, ಮೌನ ಎಲ್ಲವನ್ನೂ ಅವರು ತಾವೇ ಗಮನಿಸುತ್ತಾರೆ, ಟಿಪ್ಪಣಿ ಮಾಡಿಕೊಳ್ಳುತ್ತಾರೆ, ತಿದ್ದುತ್ತಾರೆ. ಈ ಶ್ರಮ ಗೌರವಕ್ಕೆ ಅರ್ಹ. ಆದರೆ ಹೀಗೆ ತಿದ್ದಿಕೊಳ್ಳುವ ದಾರಿಗಳೆಲ್ಲ ಒಂದೇ ಬಗೆಯವಲ್ಲ. ಒಂದು ಬದುಕನ್ನು ಹಗುರ ಮಾಡುತ್ತದೆ, ಇನ್ನೊಂದು ಒಳಗಿನಿಂದ ಸವೆಸುತ್ತದೆ. ಯಾವುದು ಯಾವುದೆಂದು ತಿಳಿದುಕೊಳ್ಳುವುದು ಅವರಿಗಷ್ಟೇ ಅಲ್ಲ, ಅವರೊಡನೆ ಬಾಳುವ ನಮಗೂ ಅಗತ್ಯ.

ದೊಡ್ಡವರಿಗೆ ಕಲಿಸುವವರು ಯಾರು?

ಆಟಿಸಂ ಕಾಯಿಲೆಯಲ್ಲ. ಅದು ಹುಟ್ಟಿನಿಂದಲೇ ಬರುವ, ಮಿದುಳಿನ ಬೆಳವಣಿಗೆಯ ಒಂದು ಭಿನ್ನ ಬಗೆ. ಎದುರಿನವರ ಇಂಗಿತ ಹಿಡಿಯುವುದು, ಮಾತಿನ ಸರದಿ ಅರಿಯುವುದು ಇವರಿಗೆ ಕಷ್ಟವಾಗಬಹುದು. ಸದ್ದು, ಬೆಳಕು, ಸ್ಪರ್ಶಗಳು ವಿಪರೀತವಾಗಿ ತಟ್ಟಬಹುದು, ಅಥವಾ ತಟ್ಟದೆಯೇ ಹೋಗಬಹುದು. ಆಸಕ್ತಿಗಳು ಆಳ, ದಿನಚರಿ ಗಟ್ಟಿ. 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗೆಂದರೆ ಸಾಧಾರಣ ಗಾತ್ರದ ಒಂದು ಹಳ್ಳಿಯಲ್ಲೂ ಕೆಲವರಾದರೂ ಇದ್ದೇ ಇರುತ್ತಾರೆ.

1925ರಲ್ಲಿ ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ ಇಂಥ ಮಕ್ಕಳ ಬಗ್ಗೆ ವಿವರವಾಗಿ ಬರೆದರು. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳ ವಿವರ ಪ್ರಕಟಿಸಿದರು, ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಬರೆದರು. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಟಿಸಂಗೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 1980ರಲ್ಲಿ. ಸೌಮ್ಯದಿಂದ ತೀವ್ರದವರೆಗಿನ ಎಲ್ಲ ಬಗೆಗಳನ್ನೂ ಒಂದೇ ಹೆಸರಿನಡಿ ತಂದಿದ್ದು 2013ರಲ್ಲಿ. ಹಾಗಾಗಿ ಇಂದು ನಲವತ್ತು, ಐವತ್ತು ದಾಟಿದವರು ಶಾಲೆಯಲ್ಲಿದ್ದಾಗ, ಚೆನ್ನಾಗಿ ಓದುವ ಆದರೆ ಯಾರೊಡನೆಯೂ ಬೆರೆಯದ ಮಗುವಿಗೆ ಆಟಿಸಂ ಇರಬಹುದೆಂದು ಹೇಳುವವರೇ ಇರಲಿಲ್ಲ. ಅವರಿಗೆ ಸಿಕ್ಕ ಬಿರುದುಗಳು ಬೇರೆ: ಮೊಂಡ, ಅಹಂಕಾರಿ, ಮೂಗ, ಒಂಟಿ ಪಿಶಾಚಿ.

ನಮ್ಮಲ್ಲಿ ಸಂಸ್ಥೆಗಳಿಲ್ಲವೆಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ವಾಕ್ ತಜ್ಞೆ ಪ್ರತಿಭಾ ಕಾರಂತರು 2000ದಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ‘ಕಾಮ್ ಡೀಲ್’ ಕಾರ್ಯಕ್ರಮ ಪುಟ್ಟ ಮಕ್ಕಳ ಜೊತೆ ದೊಡ್ಡ ಕೆಲಸ ಮಾಡಿದೆ. ಆದರೆ ಒಟ್ಟಾರೆ ನೋಡಿದರೆ ನಮ್ಮ ವ್ಯವಸ್ಥೆಯ ಗಮನವೆಲ್ಲ ಮಕ್ಕಳ ಮೇಲೆ. ಮೂವತ್ತು ದಾಟಿದವರು, ಅದರಲ್ಲೂ ಜಿಲ್ಲಾ ಕೇಂದ್ರಗಳಿಂದ ದೂರ ಇರುವವರು, ತಮಗೆ ತಾವೇ ಗುರುವಾಗಬೇಕು. ವ್ಯಕ್ತಿತ್ವ ವಿಕಸನದ ತರಗತಿ, ಡೇಲ್ ಕಾರ್ನೆಗಿ 1936ರಲ್ಲಿ ಬರೆದಂಥ ಪುಸ್ತಕಗಳು, ಮೊಬೈಲಿನ ವಿಡಿಯೊಗಳು ಇವೇ ಅವರ ಪಾಠಶಾಲೆ. ಈ ಪಾಠಗಳೆಲ್ಲ ಸುತ್ತಲಿನ ಇಂಗಿತವನ್ನು ತಾನಾಗಿಯೇ ಹಿಡಿಯಬಲ್ಲವರಿಗಾಗಿ ತಯಾರಾದವು. ‘ಸಹಜವಾಗಿರಿ’ ಎಂದು ಅವು ಬೋಧಿಸುತ್ತವೆ. ಸಹಜವಾಗಿದ್ದಾಗಲೆಲ್ಲ ಬೈಸಿಕೊಂಡವರಿಗೆ ಆ ಸಲಹೆಯಿಂದ ಏನು ಪ್ರಯೋಜನ?

ನಿಯಮ ಬರೆದುಕೊಳ್ಳುವ ದಾರಿ

ಇವರು ಕಂಡುಕೊಂಡ ಮೊದಲ ದಾರಿಯೆಂದರೆ ಅಲಿಖಿತವಾದದ್ದನ್ನು ಲಿಖಿತ ಮಾಡುವುದು. ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್. 1947ರಲ್ಲಿ ಹುಟ್ಟಿದ ಅವರಿಗೆ ಮೂರೂವರೆ ವರ್ಷದವರೆಗೆ ಮಾತು ಬರಲಿಲ್ಲ. ಮುಂದೆ ದನಕರುಗಳನ್ನು ಬೆದರಿಸದೆ ಸಾಗಿಸುವ ವ್ಯವಸ್ಥೆಗಳನ್ನು ವಿನ್ಯಾಸ ಮಾಡಿ ಹೆಸರಾದರು, ಪ್ರಾಧ್ಯಾಪಕರಾದರು. ಜನರ ನಡುವೆ ಹೇಗೆ ವರ್ತಿಸಬೇಕೆಂಬುದನ್ನು ನಾಟಕದ ಪಾತ್ರ ಕಲಿಯುವ ಹಾಗೆ ಒಂದೊಂದಾಗಿ ಕಲಿತೆ ಎಂದು ಅವರು ಬರೆದಿದ್ದಾರೆ. ಹಿಂದೆ ನಡೆದ ಸನ್ನಿವೇಶಗಳನ್ನು ಮನಸ್ಸಿನಲ್ಲಿ ಚಿತ್ರಗಳಾಗಿ ಕೂಡಿಟ್ಟು, ಹೊಸ ಸನ್ನಿವೇಶ ಎದುರಾದಾಗ ಅದಕ್ಕೆ ಹೊಂದುವ ಹಳೆಯ ಚಿತ್ರವನ್ನು ಹುಡುಕುವುದು ಅವರ ಕ್ರಮ. ಕೆಲಸ ಕೇಳುವಾಗ ಮಾತಿಗಿಂತ ಮೊದಲು ತಮ್ಮ ನಕ್ಷೆಗಳನ್ನು ಮೇಜಿನ ಮೇಲೆ ಹರಡುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೈ ಬಟ್ಟೆ ಸ್ವಚ್ಛವಾಗಿಟ್ಟುಕೊಳ್ಳಬೇಕೆಂದು ಮೇಲಧಿಕಾರಿಯೊಬ್ಬರು ಮುಖಕ್ಕೆ ಹೊಡೆದಂತೆ ಹೇಳಿದ್ದಕ್ಕೆ ಅವರು ಮುಂದೆ ಕೃತಜ್ಞತೆ ಸಲ್ಲಿಸಿದ್ದಾರೆ. ಬೇರೆಯವರೆಲ್ಲ ಮೂಗು ಮುಚ್ಚಿಕೊಂಡು ಸುಮ್ಮನಿದ್ದರು, ಅವರೊಬ್ಬರು ತಿಳಿಯುವ ಹಾಗೆ ಹೇಳಿದರು.

ಇನ್ನೊಬ್ಬರು ಡೇವಿಡ್ ಫಿಂಚ್. ಮದುವೆಯಾಗಿ ಐದು ವರ್ಷವಾದ ಮೇಲೆ ತನಗೆ ಆಸ್ಪರ್ಗರ್ ಬಗೆಯ ಆಟಿಸಂ ಇದೆಯೆಂದು ಅವರಿಗೆ ಗೊತ್ತಾಯಿತು. ಹೆಂಡತಿಯ ಮನಸ್ಸನ್ನು ಅರಿಯಲು ಕಲಿತ ಪಾಠಗಳನ್ನೆಲ್ಲ ಸಿಕ್ಕಸಿಕ್ಕ ಕಾಗದದ ಮೇಲೆ ಬರೆದಿಟ್ಟು, 2012ರಲ್ಲಿ ‘ದಿ ಜರ್ನಲ್ ಆಫ್ ಬೆಸ್ಟ್ ಪ್ರಾಕ್ಟೀಸಸ್’ ಎಂಬ ಪುಸ್ತಕ ಮಾಡಿದರು. ಸಂಸಾರ ಉಳಿಸಿಕೊಳ್ಳಲು ಗಂಡಸೊಬ್ಬ ಇಷ್ಟು ಶ್ರದ್ಧೆಯಿಂದ ಕಲಿತದ್ದು ಆಟಿಸಂ ಇಲ್ಲದವರಲ್ಲೂ ಅಪರೂಪ.

ಇದೇ ತತ್ವದ ಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಎಲಿಜಬೆತ್ ಲಾಗೆಸನ್ ‘ಪಿಯರ್ಸ್’ ಎಂಬ ತರಬೇತಿ ರೂಪಿಸಿದರು. ಯುವಕ ಯುವತಿಯರಿಗೆ ಅದು 16 ವಾರಗಳ ಪಾಠ, ಮನೆಯವರೊಬ್ಬರು ಜೊತೆಗಾರರಾಗಿ ಕಲಿಯಬೇಕು. ಹರಟೆಯಲ್ಲಿ ಸೇರುವ ಮೊದಲು ಸ್ವಲ್ಪ ಹೊತ್ತು ಕೇಳಿಸಿಕೋ, ನಡುವೆ ತೆರಪು ಸಿಕ್ಕಾಗ ಅದೇ ವಿಷಯದ ಒಂದು ಮಾತು ಸೇರಿಸು, ಇಬ್ಬರಿಗೂ ಇಷ್ಟವಾದದ್ದು ಯಾವುದೆಂದು ಹುಡುಕು ಎಂದು ಸಾಮಾನ್ಯರು ತಿಳಿಯದೆಯೇ ಮಾಡುವುದನ್ನು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ಹೇಳುತ್ತಾರೆ. ಗೆಳೆಯರೊಡನೆ ಸೇರುವುದು ಇದರಿಂದ ಹೆಚ್ಚಿತೆಂದು ಪ್ರಯೋಗಗಳು ತೋರಿಸಿವೆ.

ಕನ್ನಡದ ಮನೆಯಲ್ಲಿ ಬೇಕಾಗುವ ನಿಯಮಗಳ ಪಟ್ಟಿಯೇ ಬೇರೆ. ‘ಊಟ ಆಯ್ತಾ?’ ಎಂದು ದಾರಿಯಲ್ಲಿ ಕೇಳಿದವರಿಗೆ ಏನು ಉಂಡೆವೆಂಬ ವರದಿ ಬೇಕಿಲ್ಲ. ಬೀಗರ ಮನೆಯಲ್ಲಿ ‘ಸಾಕು’ ಎಂದರೆ ಇನ್ನೊಂದು ಹೋಳಿಗೆ ಬೀಳುತ್ತದೆ. ನಿಜವಾಗಿಯೂ ಬೇಡವಾದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಸಾಲ ಕೇಳಿದಾಗ ‘ನೋಡೋಣ ಬಿಡಿ’ ಎಂದವರು ಬಹಳ ಮಟ್ಟಿಗೆ ಇಲ್ಲವೆಂದೇ ಹೇಳಿರುತ್ತಾರೆ. ‘ಬರ್ತೀನಿ’ ಎಂದವರು ಹೊರಟು ಹೋಗುತ್ತಾರೆ. ಯಾರಿಗೆ ನೀನು, ಯಾರಿಗೆ ನೀವು, ಯಾವ ಊರಲ್ಲಿ ಯಾವ ವಯಸ್ಸಿನವರಿಗೆ ‘ರೀ’ ಹಚ್ಚಬೇಕು, ಇದನ್ನು ಯಾವ ಶಾಲೆಯೂ ಪಾಠ ಮಾಡಿಲ್ಲ. ನಾವು ಇವನ್ನು ಎಳವೆಯಲ್ಲೇ ಅರಿವಿಲ್ಲದೆ ಹೀರಿಕೊಂಡಿದ್ದೇವೆ. ಆಟಿಸಂ ಇರುವವರು ಹೊರಗಿನವರು ಹೊಸ ಭಾಷೆಯ ವ್ಯಾಕರಣ ಓದುವಷ್ಟು ಕಷ್ಟಪಟ್ಟು ಒಂದೊಂದನ್ನೂ ಓದಿ ತಿಳಿಯಬೇಕು. ಹೀಗೆ ತಿಳಿಯುವುದರಲ್ಲಿ ಅವಮಾನವೇನೂ ಇಲ್ಲ, ಲಾಭವಿದೆ. ನಿಯಮ ಗೊತ್ತಿದ್ದಾಗ ಭಯ ಕಡಿಮೆಯಾಗುತ್ತದೆ. ಇವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಮ್ಮ ಮನಸ್ಸಿನಲ್ಲಿ ಏಳುತ್ತಿರುವ ಭಾವನೆ ಯಾವುದೆಂದು ಗುರುತಿಸಿ ಹೆಸರಿಸುವುದೂ ಕಷ್ಟ ಎಂದು ಅಧ್ಯಯನಗಳು ಹೇಳುತ್ತವೆ. ಅಂಥವರಿಗೆ ದಿನದ ಕೊನೆಗೆ ‘ಇವತ್ತು ಎಲ್ಲಿ ಎದೆ ಬಿಗಿಯಿತು, ಆಗ ಯಾರು ಏನಂದರು’ ಎಂದು ನಾಲ್ಕು ಸಾಲು ಬರೆಯುವ ಅಭ್ಯಾಸ ತಮ್ಮನ್ನು ತಾವು ಓದಿಕೊಳ್ಳಲು ನೆರವಾಗಬಹುದು.

ಈ ದಾರಿಗೂ ಒಂದು ಎಲ್ಲೆಯಿದೆ. ಬರೆದಿಟ್ಟ ನಿಯಮ ಬರೆದಂಥ ಸನ್ನಿವೇಶಕ್ಕೆ ಮಾತ್ರ ಒಗ್ಗುತ್ತದೆ. ಅತ್ತೆ ಮದುವೆಯ ಮಾತು ಬಿಟ್ಟು ಇನ್ನೇನನ್ನೋ ಕೇಳಿದರೆ ನೋಟ್‌ಬುಕ್ಕು ಕೈಕೊಡುತ್ತದೆ.

ಬೇರೆಯವರಂತೆ ಕಾಣುವ ದಾರಿ

ಎರಡನೆಯ ದಾರಿ ಹೆಚ್ಚು ಬಳಕೆಯಲ್ಲಿರುವುದು, ಹೆಚ್ಚು ಅಪಾಯದ್ದೂ ಹೌದು. ತನ್ನದೆಂಬುದೆಲ್ಲವನ್ನೂ ಅಡಗಿಸಿ ಬೇರೆಯವರ ಹಾಗೆ ಕಾಣುವುದು ಇದರ ಗುರಿ. ಕೈ ಅಲ್ಲಾಡಿಸಬೇಕೆನಿಸಿದಾಗ ಜೇಬಿನಲ್ಲಿ ಮುಷ್ಟಿ ಬಿಗಿಯುವುದು, ಕಣ್ಣಿಗೆ ಕಣ್ಣು ಕೊಟ್ಟಂತೆ ತೋರಲು ಎದುರಿನವರ ಹುಬ್ಬಿನ ನಡುವೆ ನೋಡುವುದು, ಎಲ್ಲರೂ ನಕ್ಕಾಗ ತಾನೂ ನಗುವುದು, ಸದ್ದಿನಿಂದ ತಲೆ ಸಿಡಿಯುತ್ತಿದ್ದರೂ ‘ಏನೂ ಇಲ್ಲ, ಆರಾಮಿದ್ದೀನಿ’ ಎನ್ನುವುದು. ಬ್ರಿಟನ್ನಿನ ಲಾರಾ ಹಲ್ ಮತ್ತು ಸಂಗಡಿಗರು 2017ರಲ್ಲಿ ಆಟಿಸಂ ಇರುವ 92 ವಯಸ್ಕರ ಅನುಭವಗಳನ್ನು ಅಧ್ಯಯನ ಮಾಡಿದರು. ಹೀಗೇಕೆ ಮಾಡುತ್ತೀರೆಂಬುದಕ್ಕೆ ಬಂದ ಉತ್ತರ ಎಲ್ಲರಿಗೂ ಅರ್ಥವಾಗುವಂಥದು: ಜನರೊಡನೆ ಸೇರಬೇಕು, ಕೆಲಸ ಸಿಗಬೇಕು, ಗೇಲಿ ತಪ್ಪಬೇಕು. ತೆತ್ತ ಬೆಲೆಯನ್ನೂ ಅವರು ಹೇಳಿದರು. ಮೈಮನಸ್ಸು ಸೋತುಹೋಗುವ ದಣಿವು, ‘ನಾನು ಯಾರು?’ ಎಂಬ ಗೊಂದಲ.

2018ರಲ್ಲಿ ಸಾರಾ ಕ್ಯಾಸಿಡಿ ಅವರ ತಂಡ, ಹೀಗೆ ಮರೆಮಾಚುವುದಕ್ಕೂ ಆತ್ಮಹತ್ಯೆಯ ಯೋಚನೆಗಳಿಗೂ ನಂಟಿರುವುದನ್ನು ಗುರುತಿಸಿತು. 2020ರಲ್ಲಿ ಅಮೆರಿಕದ ಡೋರಾ ರೇಮೇಕರ್ ಮತ್ತು ಸಂಗಡಿಗರು, ಆಟಿಸಂ ಇರುವವರು ತಿಂಗಳುಗಟ್ಟಲೆ ಬಳಲಿ ಕುಸಿಯುವ ಸ್ಥಿತಿಯನ್ನು ವಿವರಿಸಿದರು. ಬಿಡದ ಆಯಾಸ, ಬರುತ್ತಿದ್ದ ಕೆಲಸ ಬಾರದಂತಾಗುವುದು, ಸದ್ದು ಬೆಳಕುಗಳನ್ನು ತಾಳುವ ಶಕ್ತಿ ಇನ್ನೂ ಕುಗ್ಗುವುದು ಅದರ ಲಕ್ಷಣಗಳು. ‘ಈಗೀಗ ಚಲೋ ಮಾತಾಡ್ತಾಳ’ ಎಂದು ಅತ್ತೆ ಮೆಚ್ಚಿದ ಹುಡುಗಿ ಊರಿಗೆ ಮರಳಿದ ಮೇಲೆ ಮೂರು ದಿನ ಕೋಣೆಯಿಂದ ಹೊರಬರದಿದ್ದರೆ, ಆ ಮೂರು ದಿನವೂ ಅದೇ ಸಾಧನೆಯ ಲೆಕ್ಕಕ್ಕೆ ಸೇರಬೇಕು.

ಕಣ್ಣಿಗೆ ಕಣ್ಣು ಕೊಡುವುದನ್ನೇ ನೋಡಿ. ವ್ಯಕ್ತಿತ್ವ ವಿಕಸನದ ಪ್ರತಿ ತರಗತಿಯಲ್ಲೂ ಇದಕ್ಕೆ ಮೊದಲ ಸ್ಥಾನ. 2017ರಲ್ಲಿ ನೂಷಿನ್ ಹಜಿಖಾನಿ ಅವರ ತಂಡ, ಆಟಿಸಂ ಇರುವವರು ಚಿತ್ರದ ಮುಖಗಳಲ್ಲಿ ಕಣ್ಣಿನ ಭಾಗವನ್ನೇ ನೋಡುವಂತೆ ಮಾಡಿ ಮಿದುಳಿನ ಚಟುವಟಿಕೆ ಅಳೆಯಿತು. ಭಾವೋದ್ವೇಗಕ್ಕೆ ಸಂಬಂಧಿಸಿದ ಆಳದ ಭಾಗಗಳು ಅತಿಯಾಗಿ ಕೆರಳಿದ್ದು ಕಂಡುಬಂತು. ಅವರು ಕಣ್ಣು ತಪ್ಪಿಸುವುದು ಅಸಡ್ಡೆಯಿಂದಲ್ಲ, ಆ ನೋಟ ತಡೆಯಲಾರದಷ್ಟು ತೀವ್ರವಾಗಿರುವುದರಿಂದ ಎಂಬುದಕ್ಕೆ ಇದು ಪುರಾವೆ. ನಮ್ಮ ಹಳ್ಳಿಗಳಲ್ಲಿ ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಉದ್ಧಟತನ ಎನ್ನುತ್ತಿದ್ದರು. ನೆಲ ನೋಡಿ ನಿಂತ ಹುಡುಗ ವಿನಯವಂತನಾಗಿದ್ದ. ಕಂಪನಿಗಳ ಸಂದರ್ಶನ ಬಂದ ಮೇಲೆ ಅದೇ ಹುಡುಗ ಆತ್ಮವಿಶ್ವಾಸ ಇಲ್ಲದವನಾದ. ಎರಡು ತಲೆಮಾರಿನಲ್ಲಿ ನಾವೇ ಬದಲಿಸಿಕೊಂಡ ರೂಢಿಯೊಂದನ್ನು ಮನುಷ್ಯ ಸಹಜ ಗುಣವೆಂದು ಹೇರುವುದು ನ್ಯಾಯವಲ್ಲ.

ಕೇಳುವವರ ಪಾಲು

ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಎಂಬುದು ಬಹುಕಾಲದ ಸಿದ್ಧಾಂತ. 2012ರಲ್ಲಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಇದನ್ನು ಪ್ರಶ್ನಿಸಿದರು. ಅವರಿಗೂ ಆಟಿಸಂ ಇದೆ. ನಮಗೆ ನೀವು ಅರ್ಥವಾಗದಿರುವುದು ನಿಜವಾದರೆ ನಿಮಗೆ ನಾವು ಅರ್ಥವಾಗದಿರುವುದೂ ಅಷ್ಟೇ ನಿಜ, ಕೊರತೆ ಎರಡೂ ಕಡೆಯದು ಎಂಬುದು ಅವರ ವಾದ. ಎಡಿನ್‌ಬರೋದಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಇದನ್ನು ಪರೀಕ್ಷಿಸಿದರು. ಎಂಟೆಂಟು ಜನರ ಸಾಲಿನಲ್ಲಿ ಕಥೆಯೊಂದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಪ್ರಯೋಗ ಅದು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆಟಿಸಂ ಇರುವವರೇ ತುಂಬಿದ ಸಾಲು ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಬೆರಕೆ ಸಾಲಿನಲ್ಲಿ ಮಾತ್ರ ಕಥೆ ಸೋರಿತು. 300ಕ್ಕೂ ಹೆಚ್ಚು ಜನರೊಂದಿಗೆ ಮತ್ತೆ ಮಾಡಿದ ದೊಡ್ಡ ಪ್ರಯೋಗ 2025ರಲ್ಲಿ ಹೊರಬಂದಾಗ ಬೆರಕೆ ಸಾಲೂ ಹಿಂದೆ ಬೀಳಲಿಲ್ಲ. ಎರಡೂ ಅಧ್ಯಯನಗಳಲ್ಲಿ ಬದಲಾಗದೆ ಉಳಿದ ಅಂಶ ಒಂದು: ವಿಷಯ ದಾಟಿಸುವ ಶಕ್ತಿಯಲ್ಲಿ ಆಟಿಸಂ ಇರುವವರು ಕಡಿಮೆಯಲ್ಲ.

ಹಾಗಾದರೆ ಅವರು ಸಂದರ್ಶನದಲ್ಲಿ, ಗೆಳೆತನದಲ್ಲಿ ಏಕೆ ಸೋಲುತ್ತಾರೆ? ಅಮೆರಿಕದ ನೋವಾ ಸ್ಯಾಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಆಟಿಸಂ ಇರುವವರು ಮಾತಾಡುವ ಕೆಲವೇ ಸೆಕೆಂಡುಗಳ ದೃಶ್ಯ ನೋಡಿದವರು, ಇವರ ಜೊತೆ ಒಡನಾಟ ಬೇಡವೆಂಬ ತೀರ್ಮಾನಕ್ಕೆ ಬೇಗ ಬಂದರು. ಅದೇ ಮಾತುಗಳನ್ನು ಬರಹವಾಗಿ ಕೊಟ್ಟಾಗ ಆ ಅಸಮ್ಮತಿ ಮಾಯವಾಯಿತು. ಆಡಿದ ಮಾತಿನಲ್ಲಿ ದೋಷವಿರಲಿಲ್ಲ. ದನಿಯ ಏರಿಳಿತ, ಮುಖದ ಚಹರೆ, ನಿಂತ ಭಂಗಿ ನೋಡಿ ನೋಡುಗರೇ ಬಾಗಿಲು ಹಾಕಿಕೊಂಡಿದ್ದರು. 2019ರ ಇನ್ನೊಂದು ಅಧ್ಯಯನದಲ್ಲಿ, ಆಟಿಸಂ ಬಗ್ಗೆ ತಿಳಿವಳಿಕೆ ಇದ್ದವರು ಮತ್ತು ಈ ವ್ಯಕ್ತಿಗೆ ಆಟಿಸಂ ಇದೆಯೆಂದು ತಿಳಿಸಲ್ಪಟ್ಟವರು ಹೆಚ್ಚು ಒಲವಿನಿಂದ ನೋಡಿದರು. ಅಂದರೆ ಬದಲಾಗಬೇಕಾದದ್ದರಲ್ಲಿ ಒಂದು ದೊಡ್ಡ ಪಾಲು ನೋಡುವವರ ಕಡೆ ಇದೆ, ಅದು ಬದಲಾಗಬಲ್ಲದು ಕೂಡ.

ಕೇಳಬೇಕೆಂದು ಮನಸ್ಸು ಮಾಡಿದರೆ ನಮ್ಮ ಜನ ಹೇಗೆ ಕೇಳಬಲ್ಲರೆಂಬುದಕ್ಕೆ ಇದೇ ಮೈಲಾರಲಿಂಗನ ಇನ್ನೊಂದು ಕ್ಷೇತ್ರ ಸಾಕ್ಷಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕಾರ್ಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಅವನು ಒಂದೇ ಒಂದು ಸಾಲು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಮಾತು ಒಡನೆ ಅರ್ಥವಾಗುವಂಥದ್ದಲ್ಲ. ಅವನು ಯಾರ ಮುಖ ನೋಡಿಯೂ ಆಡಿದ್ದಲ್ಲ. ಹಾಗೆಂದು ಯಾರೂ ಅವನನ್ನು ದೂರುವುದಿಲ್ಲ. ಮಳೆಯ ಬಗ್ಗೆಯೋ, ಬೆಳೆಯ ಬಗ್ಗೆಯೋ, ರಾಜ್ಯದ ಆಳ್ವಿಕೆಯ ಬಗ್ಗೆಯೋ ಎಂದು ದಿನಗಟ್ಟಲೆ ಕೂತು ಅರ್ಥ ಬಿಡಿಸುತ್ತಾರೆ. ಅರ್ಥ ಮಾಡಿಕೊಳ್ಳುವ ಹೊರೆಯನ್ನು ಕೇಳುವವರೇ ಸಂತೋಷದಿಂದ ಹೊರುವ ಸಂಸ್ಕೃತಿ ನಮ್ಮದು. ನಮ್ಮ ಮನೆಯ ಮಗನೋ ಮಗಳೋ ಅಳೆದು ಆಡಿದ ಒಂದು ವಾಕ್ಯಕ್ಕೆ ಅದರಲ್ಲಿ ಕಾಲು ಭಾಗದ ತಾಳ್ಮೆ ಸಿಕ್ಕರೂ ಅವರ ಬದುಕು ಬೇರೆಯಾದೀತು.

ಸನ್ನಿವೇಶವನ್ನೇ ತಿದ್ದುವ ದಾರಿ

ಮೂರನೆಯ ದಾರಿ ಇರುವುದು ಇಲ್ಲೇ. ಸ್ವಯಂ ಸುಧಾರಣೆಯ ಪುಸ್ತಕಗಳು ಇದನ್ನು ಅಪರೂಪಕ್ಕೆ ಹೇಳುತ್ತವೆ. ಮುಖವನ್ನು ತಿದ್ದುವ ಬದಲು ಮಾತು ನಡೆಯುವ ಜಾಗ, ಸಮಯ, ಮಾಧ್ಯಮಗಳನ್ನು ತಿದ್ದುವುದು, ಮತ್ತು ತನಗೆ ಬೇಕಾದುದನ್ನು ಬಾಯಿಬಿಟ್ಟು ಕೇಳಲು ಕಲಿಯುವುದು. ನನ್ನ ಮಟ್ಟಿಗೆ ಆಟಿಸಂ ಇರುವ ವಯಸ್ಕರು ಕಲಿಯಬಹುದಾದ ಅತ್ಯುತ್ತಮ ಸಂವಹನ ಕೌಶಲ ಇದೇ.

ಜೇಜುರಿಯ ಯಾತ್ರೆಯನ್ನೇ ಹೀಗೆ ಯೋಜಿಸಬಹುದು. ಸೋಮವತಿ ಅಮಾವಾಸ್ಯೆ, ಚಂಪಾಷಷ್ಠಿ, ರವಿವಾರ ಬಿಟ್ಟು ವಾರದ ನಡುವಿನ ಒಂದು ದಿನ, ಬೆಳಗಿನ ಜಾವ ಗುಡ್ಡ ಹತ್ತುವುದು. ಎಷ್ಟು ಹೊತ್ತಿಗೆ ಎಲ್ಲಿ, ಊಟ ಎಲ್ಲಿ, ಯಾರು ಯಾರು ಸಿಗುತ್ತಾರೆ ಎಂದು ಮುಂಚಿನ ದಿನವೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸುವುದು. ಕಿವಿಗೆ ಇಯರ್‌ಪ್ಲಗ್. ಭಂಡಾರವನ್ನು ಹಣೆಗೆ ತಾನೇ ಹಚ್ಚಿಕೊಳ್ಳುತ್ತೇನೆ, ಮುಖಕ್ಕೆ ಎರಚಬೇಡಿ ಎಂದು ಮೊದಲೇ ಹೇಳಿಡುವುದು. ಸಾಕಾಯಿತು ಎನ್ನಲು ತಾಯಿಗೋ ತಮ್ಮನಿಗೋ ತಿಳಿಯುವ ಒಂದು ಸನ್ನೆ. ಸನ್ನೆ ಮಾಡಿದೊಡನೆ ಪ್ರಶ್ನೆ ಕೇಳದೆ ಒಬ್ಬರು ಜೊತೆಗೆ ಕೆಳಗಿಳಿಯುವುದು. ಅತ್ತೆಗೆ ಮನೆಯವರೇ ಮೊದಲು ಹೇಳಿಡಬಹುದು: ‘ಗದ್ದಲದಾಗ ಆಕಿಗೆ ಮಾತು ಕೇಳ್ಸೂದಿಲ್ರಿ, ಮನಿಗೆ ಬಂದ ಮ್ಯಾಲೆ ಕುಂತು ಮಾತಾಡೂಣು.’ ಇಷ್ಟಾದರೆ ಅವಳು ದೇವರನ್ನು ಕಣ್ತುಂಬ ನೋಡಿ ಬರುತ್ತಾಳೆ. ನೋಟ್‌ಬುಕ್ಕಿನ ಎರಡು ವಾಕ್ಯದಿಂದ ಆಗದಿದ್ದ ಕೆಲಸ ಇದರಿಂದ ಆಗುತ್ತದೆ.

ಕೆಲಸದ ಜಾಗಕ್ಕೂ ಇದೇ ಮಾತು. ಸಂದರ್ಶನದ ಪ್ರಶ್ನೆಗಳನ್ನು ಮೊದಲೇ ಬರಹದಲ್ಲಿ ಕೊಡುವುದು, ಬಾಯಿಮಾತಿನ ಸೂಚನೆಯ ಬೆನ್ನಿಗೆ ಒಂದು ಸಂದೇಶ ಕಳಿಸುವುದು, ಮೀಟಿಂಗಿನಲ್ಲಿ ಹೊಳೆಯದ ಉತ್ತರವನ್ನು ಸಂಜೆಯೊಳಗೆ ಬರೆದು ಕಳಿಸಲು ಬಿಡುವುದು, ಟ್ಯೂಬ್‌ಲೈಟಿನ ಕೆಳಗಿನ ಕುರ್ಚಿಯನ್ನು ಕಿಟಕಿಯ ಬಳಿಗೆ ಸರಿಸುವುದು. ಇವಕ್ಕೆ ಹೆಚ್ಚು ಖರ್ಚಿಲ್ಲ. ಇವು ಯಾರೋ ತೋರುವ ಕೃಪೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಸರ್ಕಾರಿ ಕಚೇರಿಗಳು ಅಂಥ ನೌಕರರಿಗೆ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕೆಂದು ಅದು ಹೇಳುತ್ತದೆ. ಖಾಸಗಿಯವರೂ ಸೇರಿ ಎಲ್ಲ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗಿರುವ ಶೇ 4ರ ಮೀಸಲಾತಿಯಲ್ಲಿ ಶೇ 1ರಷ್ಟು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಾಸ್ಥ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗೆಂದು ಮೀಸಲು.

ಮಾತೇ ಬಾರದವರಿಗೆ ಈ ಮೂರನೆಯ ದಾರಿ ಇನ್ನೂ ಮುಖ್ಯ. ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯ ಕಳೆದ ಟಿಟೋ ರಾಜರ್ಷಿ ಮುಖೋಪಾಧ್ಯಾಯ ಅವರಿಗೆ ಮಾತು ಬಹಳ ಕಷ್ಟ. ತಾಯಿ ಸೋಮಾ ಅಕ್ಷರಗಳನ್ನು ತೋರಿಸಿ ಕಲಿಸಿದರು, ಮುಂದೆ ಹುಡುಗ ಕೈಯಾರೆ ಬರೆಯತೊಡಗಿದ. ಅವನ ಬರಹಗಳ ಪುಸ್ತಕವನ್ನು 2000ದಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆಟಿಸಂ ಸಂಸ್ಥೆ ಪ್ರಕಟಿಸಿತು. ಆ ತಾಯಿಯ ಬೋಧನಾ ವಿಧಾನಕ್ಕೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ಬಳಸುವುದು ಬೇಡ ಎಂದು ಅಮೆರಿಕದ ವಾಕ್ ತಜ್ಞರ ಸಂಘ 2018ರಲ್ಲಿ ಹೇಳಿತು. ಬೇರೊಬ್ಬರು ಅಕ್ಷರದ ಹಲಗೆ ಹಿಡಿದಾಗ ಬರುವ ಮಾತು ಯಾರದೆಂಬ ಅನುಮಾನ ಉಳಿಯುತ್ತದೆ ಎಂಬ ಅವರ ಎಚ್ಚರಿಕೆಯನ್ನು ಮರೆಯಬಾರದು. ಆದರೆ ವ್ಯಕ್ತಿ ತಾನೇ ಮುಟ್ಟಿ, ತಾನೇ ಟೈಪಿಸಿ, ತಾನೇ ಬರೆದು ಹೇಳುವ ಚಿತ್ರಪಟ, ಟ್ಯಾಬ್ಲೆಟ್, ಕೀಲಿಮಣೆಗಳು ಮಾತಿಗೆ ಸಮನಾದ ಮಾತೇ. ಬಾಯಿ ಬಾರದವರಿಗೆ ಹೇಳಲು ಏನೂ ಇಲ್ಲವೆಂದು ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲ.

ಆಟಿಸಂ ಇರುವ ಓದುಗರು ಈ ಸಾಲುಗಳನ್ನು ಓದುತ್ತಿದ್ದರೆ, ಹೊಸ ತಂತ್ರವೊಂದನ್ನು ಕಲಿಯುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದು ನನಗೆ ಬೇಕೋ, ಬೇರೆಯವರ ಮುಜುಗರ ತಪ್ಪಿಸಲು ಬೇಕೋ? ಇದರಿಂದ ನನ್ನ ಮಾತು ಹೆಚ್ಚು ತಲುಪುತ್ತದೆಯೋ, ನಾನು ಬೇರೆಯವರಂತೆ ಕಾಣುತ್ತೇನೆ ಅಷ್ಟೆಯೋ? ಮುಗಿದ ಮೇಲೆ ಮನಸ್ಸು ಹಗುರವಾಗುತ್ತದೆಯೋ, ದೇಹ ಕುಸಿಯುತ್ತದೆಯೋ? ಬೇಡವೆನಿಸಿದ ದಿನ ಇದನ್ನು ಪಕ್ಕಕ್ಕಿಡಬಹುದೋ? ಉತ್ತರಗಳು ಸರಿಯೆನಿಸಿದರೆ ಧೈರ್ಯವಾಗಿ ಕಲಿಯಿರಿ. ಇಲ್ಲವಾದರೆ ಅದನ್ನು ಬಿಡುವುದು ಸೋಲಲ್ಲ. ಬದುಕೇ ಬೇಡವೆನಿಸುವಷ್ಟು ದಣಿವಾಗಿದ್ದರೆ ಒಬ್ಬರೇ ಇರಬೇಡಿ. ದಿನದ 24 ಗಂಟೆಯೂ ಇರುವ ಸರ್ಕಾರಿ ಸಹಾಯವಾಣಿ ಟೆಲಿಮಾನಸ್‌ಗೆ, 14416 ಸಂಖ್ಯೆಗೆ ಕರೆ ಮಾಡಿ.

ಉಳಿದ ನಮಗೆ ಮಾಡಲು ಇರುವುದು ಕಷ್ಟದ ಕೆಲಸವೇನಲ್ಲ. ಹೇಳಬೇಕಾದ್ದನ್ನು ಸುತ್ತಿಬಳಸದೆ ಹೇಳಿ. ಕೇಳಿದ ಮೇಲೆ ಉತ್ತರಕ್ಕೆ ಕಾಯಿರಿ. ಮುಖ ನೋಡಿ ಮಾತಾಡೆಂದು ಒತ್ತಾಯಿಸಬೇಡಿ. ಕೈ ಅಲ್ಲಾಡಿಸಿದರೆ, ತೂಗಾಡಿದರೆ ತಡೆಯಬೇಡಿ. ಬಾಯಲ್ಲಿ ಹೇಳಲಾಗದ್ದನ್ನು ಬರೆದು ಹೇಳಿದರೆ ಅದಕ್ಕೂ ಅಷ್ಟೇ ಬೆಲೆ ಕೊಡಿ. ಆಟಿಸಂ ಇರುವವರು ನಮ್ಮ ರೀತಿ ನೀತಿಗಳನ್ನು ಕಲಿಯಲು ಆಯುಷ್ಯದ ಬಹುಪಾಲು ಕಳೆಯುತ್ತಾರೆ. ಅವರ ರೀತಿಯನ್ನು ಕಲಿಯಲು ನಾವು ಒಂದಷ್ಟು ಗಂಟೆಗಳನ್ನಾದರೂ ಕೊಡಬೇಕು. ಮಾತುಕತೆ ಇಬ್ಬರ ಕೆಲಸವಾದ ಮೇಲೆ ತಿದ್ದಿಕೊಳ್ಳುವ ಹೊಣೆಯೂ ಇಬ್ಬರದು.